ನಾಯಿಯ ಊಟಕ್ಕೆ ಅರಿಶಿನ: ಎಷ್ಟು, ಹೇಗೆ, ಯಾವಾಗ ಬೇಡ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಒಂಬತ್ತು ವರ್ಷ, ತೂಕ 34 ಕೆಜಿ. ಮಲಗಿ ಎದ್ದಾಗ ಹಿಂಗಾಲು ಬಿಗಿಯಾಗಿರುತ್ತದೆ, ಹತ್ತಿಪ್ಪತ್ತು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತದೆ. ಎಕ್ಸ್‌ರೇ ನೋಡಿದ ವೈದ್ಯರು ಸೊಂಟದ ಕೀಲು ಸವೆದಿದೆ ಎಂದು ಹೇಳಿ, ನೋವು ಹೆಚ್ಚಾದ ದಿನಗಳಿಗೆಂದು ಕಾರ್ಪ್ರೊಫೆನ್ ಮಾತ್ರೆ ಕೊಟ್ಟಿದ್ದಾರೆ. ಅರಿಶಿನವನ್ನು ಎಣ್ಣೆ, ಕಾಳುಮೆಣಸಿನ ಜೊತೆ ಕಾಯಿಸಿ ಊಟಕ್ಕೆ ಬೆರೆಸಿದರೆ ಮಾತ್ರೆಯೇ ಬೇಕಾಗುವುದಿಲ್ಲ ಎನ್ನುತ್ತಾರೆ ಕೆಲವರು. ಕೊಡಬಹುದೇ? ಎಷ್ಟು? ಮನೆಯಲ್ಲಿ ನಾವು ತೆಗೆದುಕೊಳ್ಳುವ ಅರಿಶಿನದ ಕ್ಯಾಪ್ಸೂಲ್ ಇದೆ, ಅದನ್ನೇ ಕೊಟ್ಟರೆ ಸುಲಭವಲ್ಲವೇ?

ಉತ್ತರ: ಅಡುಗೆಯ ಅರಿಶಿನಪುಡಿಯನ್ನು ಅಳೆದು ಕೊಡಬಹುದು. ಕ್ಯಾಪ್ಸೂಲ್ ಬೇಡ, ಕಾಳುಮೆಣಸೂ ಬೇಡ. ಮಾತ್ರೆಯ ಬದಲಿಗೆ ಎಂದಾದರೆ ಅರಿಶಿನವೇ ಬೇಡ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಒಂದು ಸಣ್ಣ ಲೆಕ್ಕ.

ಅರಿಶಿನದಲ್ಲಿ ಕೆಲಸ ಮಾಡುತ್ತದೆ ಎನ್ನಲಾಗುವ ಅಂಶ ಕರ್ಕ್ಯುಮಿನ್. ಪುಡಿಯ ತೂಕದಲ್ಲಿ ಅದು ಇರುವುದು ಸರಾಸರಿ 3 ಶೇಕಡಾ, ಒಂದೊಂದು ಮಾಲಿನಲ್ಲಿ 2ರಿಂದ 5ರವರೆಗೆ ಏರಿಳಿಯುತ್ತದೆ. ಮಟ್ಟ ಮಾಡಿದ ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಆ ಇಡೀ ಚಮಚದಲ್ಲಿ ಕರ್ಕ್ಯುಮಿನ್ ಸರಾಸರಿ 90 ಮಿಲಿಗ್ರಾಂ ಆಸುಪಾಸು. ಈಗ ನಿಮ್ಮ ಕ್ಯಾಪ್ಸೂಲ್ ಡಬ್ಬಿಯ ಲೇಬಲ್ ಓದಿ ನೋಡಿ. 500 ಮಿಲಿಗ್ರಾಂ ಸಾರ, 95 ಶೇಕಡಾ ಕರ್ಕ್ಯುಮಿನ್ ಎಂದು ಬರೆದಿದ್ದರೆ ಒಂದೇ ಕ್ಯಾಪ್ಸೂಲ್‌ನಲ್ಲಿ 475 ಮಿಲಿಗ್ರಾಂ ಆಯಿತು. ಅಷ್ಟನ್ನು ಪುಡಿಯಿಂದ ಪಡೆಯಬೇಕಾದರೆ ಐದು ಚಮಚಕ್ಕೂ ಹೆಚ್ಚು ಅರಿಶಿನ ಬೇಕು. ನಿಮ್ಮ ನಾಯಿಗೆ ನಾನು ಕೆಳಗೆ ಹೇಳುವ ದಿನದ ಪ್ರಮಾಣ 1 ಗ್ರಾಂ ಪುಡಿ. ಆ ಲೆಕ್ಕದಲ್ಲಿ ಒಂದು ಕ್ಯಾಪ್ಸೂಲ್ ಎಂದರೆ ಹದಿನೈದು ದಿನದ್ದನ್ನು ಒಂದೇ ಗುಟುಕಿಗೆ ನುಂಗಿಸಿದಂತೆ. ಹೆಸರು ಎರಡಕ್ಕೂ ಅರಿಶಿನವೇ, ಆದರೆ ಒಂದು ಆಹಾರ, ಇನ್ನೊಂದು ಔಷಧಿ. ಮನುಷ್ಯರಿಗೆಂದು ಮಾಡಿದ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರವನ್ನೂ ಸೇರಿಸಿರುವುದು ಮಾಮೂಲು. ಇಂಥ ಸಾರಗಳಿಂದ ಮನುಷ್ಯರ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ. ಇನ್ನು ಜಗಿಯುವ ಮಿಠಾಯಿ ರೂಪದವುಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರಬಹುದು. ಅದು ನಾಯಿಗೆ ನೇರ ವಿಷ, ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೇ ಕುಸಿಯುವಂತೆ ಮಾಡಬಲ್ಲದು.

ಕಾಳುಮೆಣಸು ಯಾಕೆ ಬೇಡ

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹೊಟ್ಟೆಗೆ ಹೋದದ್ದರಲ್ಲಿ ಬಹುಪಾಲು ರಕ್ತ ಸೇರುವುದೇ ಇಲ್ಲ. ಸೇರಿದ ಅಲ್ಪಸ್ವಲ್ಪವನ್ನೂ ಕರುಳಿನ ಗೋಡೆ ಮತ್ತು ಲಿವರ್ ಬೇಗನೆ ಬದಲಾಯಿಸಿ ಹೊರಹಾಕುತ್ತವೆ. ಮೆಣಸಿನ ಘಾಟಿನ ಅಂಶವಾದ ಪಿಪೆರಿನ್ ಈ ಹೊರಹಾಕುವ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. 1998ರಲ್ಲಿ ಮನುಷ್ಯರ ಮೇಲೆ ನಡೆದ ಒಂದು ಪ್ರಯೋಗದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪಿಪೆರಿನ್ ಕೊಟ್ಟಾಗ ಹೀರಿಕೆ 2000 ಶೇಕಡಾ ಹೆಚ್ಚಿತು. ಎಲ್ಲರ ಬಾಯಲ್ಲೂ ಓಡಾಡುವ ಅಂಕಿ ಇದೇ. ಮೆಣಸಿಲ್ಲದೆ ರಕ್ತದಲ್ಲಿ ಸಿಕ್ಕಿದ್ದು ಇದ್ದೂ ಇಲ್ಲದಂತಿತ್ತು, ಹಾಗಾಗಿ ಅದರ ಇಪ್ಪತ್ತು ಪಟ್ಟೂ ದೊಡ್ಡದೇನಲ್ಲ ಎಂಬ ಮಾತು ಮಾತ್ರ ಅದರ ಜೊತೆ ಓಡಾಡುವುದಿಲ್ಲ.

ಪಿಪೆರಿನ್‌ಗೆ ಅರಿಶಿನ ಯಾವುದು, ಔಷಧಿ ಯಾವುದು ಎಂಬ ಭೇದವಿಲ್ಲ. ಔಷಧಿಗಳನ್ನು ಒಡೆಯುವ ಲಿವರ್‌ನ ಕಿಣ್ವಗಳನ್ನೂ, ಅವನ್ನು ಜೀವಕೋಶದಿಂದ ಆಚೆ ದೂಡುವ ಪಂಪ್‌ನಂಥ ಪ್ರೋಟೀನನ್ನೂ ಅದು ತಡೆಯುತ್ತದೆ. ಫಿಟ್ಸ್‌ಗೆ ಫಿನೋಬಾರ್ಬಿಟಾಲ್, ಚರ್ಮದ ಅಲರ್ಜಿಗೆ ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವ ನಾಯಿಗಳಲ್ಲಿ ಔಷಧಿಯ ಮಟ್ಟ ಏರುಪೇರಾಗುವ ಭಯವಿರುವುದು ಇಲ್ಲಿ. ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್ ತಳಿಗಳ ಎಷ್ಟೋ ನಾಯಿಗಳಲ್ಲಿ ಆ ಪಂಪ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅವುಗಳ ವಿಷಯದಲ್ಲಿ ಮೆಣಸಿನ ಮಾತೇ ಎತ್ತಬೇಡಿ. ನಿಮ್ಮ ನಾಯಿಗೆ ಸದ್ಯ ಕಾರ್ಪ್ರೊಫೆನ್ ಒಂದೇ ಇರಬಹುದು. ಒಂಬತ್ತು ವರ್ಷದ ನಾಯಿಗೆ ನಾಳೆ ಇನ್ನೊಂದು ಔಷಧಿ ಸೇರಬಹುದು, ಊಟದಲ್ಲಿ ಮೆಣಸು ಹೋಗುತ್ತಿದೆ ಎಂಬುದು ಆಗ ಯಾರಿಗೂ ನೆನಪಿಗೆ ಬರುವುದಿಲ್ಲ. ಎಣ್ಣೆ ಸೇರಿಸಿ ಕೊಟ್ಟರೆ ಸಾಕು.

ಪ್ರಮಾಣ

ನಾಯಿಗಳಿಗೆ ಅರಿಶಿನಪುಡಿಯ ನಿಗದಿತ ಡೋಸ್ ಎಂಬುದು ಇಲ್ಲ. ಎಚ್ಚರದಿಂದ ಹೋಗುವವರಿಗೆ ನಾನು ಸೂಚಿಸುವ ಮಿತಿ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 35 ಮಿಲಿಗ್ರಾಂ ಪುಡಿ. ಅದನ್ನು ದಾಟಬೇಡಿ, ದಾಟಿದರೆ ಮೊದಲು ಹೆಚ್ಚುವುದು ಭೇದಿ. ಲೆಕ್ಕ ಹಾಕುವಾಗ ನಾಯಿಯ ಈಗಿನ ತೂಕ ಹಿಡಿಯಬೇಡಿ, ಇರಬೇಕಾದ ತೂಕ ಹಿಡಿಯಿರಿ. 34 ಕೆಜಿ ತೂಗುವ ನಿಮ್ಮ ಲ್ಯಾಬ್ರಡಾರ್ 30 ಕೆಜಿ ಇರಬೇಕಿತ್ತು ಎಂದಿಟ್ಟುಕೊಂಡರೆ ದಿನಕ್ಕೆ 1 ಗ್ರಾಂ. ಇದೇ ಲೆಕ್ಕದಲ್ಲಿ 10 ಕೆಜಿಯ ನಾಯಿಗೆ 0.35 ಗ್ರಾಂ, ಅಂದರೆ ಟೀ ಚಮಚದ ಎಂಟನೇ ಒಂದು ಭಾಗ. 5 ಕೆಜಿಯ ಪುಟ್ಟ ನಾಯಿಗೆ ಅದರಲ್ಲೂ ಅರ್ಧ, ಬೆರಳ ತುದಿಯ ಒಂದು ಚಿಟಿಕೆ.

ಮೊದಲ ದಿನವೇ ಪೂರ್ತಿ ಹಾಕಬೇಡಿ. ಮೊದಲ ವಾರ ಕಾಲು ಭಾಗ, ಎರಡನೇ ವಾರ ಅರ್ಧ, ಮೂರನೇ ವಾರ ಮುಕ್ಕಾಲು, ನಾಲ್ಕನೆಯ ವಾರದಿಂದ ಪೂರ್ತಿ. ಮಲ ತೆಳುವಾದರೆ ಎರಡು ದಿನ ನಿಲ್ಲಿಸಿ, ಹಿಂದಿನ ವಾರದ ಪ್ರಮಾಣಕ್ಕೆ ಇಳಿಯಿರಿ. ಎರಡನೇ ಸಲವೂ ಹಾಗೇ ಆದರೆ ಆ ಹೊಟ್ಟೆಗೆ ಅರಿಶಿನ ಒಗ್ಗುವುದಿಲ್ಲ ಎಂದು ಬಿಟ್ಟುಬಿಡಿ. ಹಠ ಹಿಡಿದು ಮುಂದುವರಿಸುವಷ್ಟು ದೊಡ್ಡ ಲಾಭ ಇದರಲ್ಲಿಲ್ಲ.

ಮುದ್ದೆ ಮಾಡುವ ಬಗೆ

ಒಣ ಪುಡಿಯನ್ನು ಊಟದ ಮೇಲೆ ಉದುರಿಸುವುದು ಸುಲಭ. ಆದರೆ ಹಗುರ ಪುಡಿ ಮೂಗಿಗೆ ಹೋಗಿ ನಾಯಿ ಸೀನುತ್ತದೆ, ಬಟ್ಟಲು ಬಿಟ್ಟು ಹೋಗುತ್ತದೆ. ಚಮಚದ ಅಂದಾಜೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮುದ್ದೆ ಮಾಡಿಟ್ಟರೆ ಅಳತೆ ಒಂದೇ ಸಮ ಇರುತ್ತದೆ.

ಪುಡಿ 20 ಗ್ರಾಂ, ನೀರು 100 ಮಿಲಿಲೀಟರ್, ಎಣ್ಣೆ 25 ಮಿಲಿಲೀಟರ್ ತೆಗೆದುಕೊಳ್ಳಿ. ಖಾಲಿ ಪಾತ್ರೆಯನ್ನು ಮೊದಲೇ ತೂಗಿ ಬರೆದಿಡಿ. ಪುಡಿಗೆ ಸ್ವಲ್ಪ ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಬಿಡದೆ ತಿರುವಿ. ಬಿಸಿನೀರಿಗೆ ನೇರ ಪುಡಿ ಸುರಿದರೆ ಗಂಟುಗಟ್ಟುತ್ತದೆ. ಮುದ್ದೆ ಚಮಚದಿಂದ ನಿಧಾನಕ್ಕೆ ಜಾರುವ ಹದಕ್ಕೆ ಬಂದಾಗ ಉರಿ ಆರಿಸಿ, ಎರಡು ನಿಮಿಷ ಬಿಟ್ಟು ಎಣ್ಣೆ ಬೆರೆಸಿ. ಅರ್ಧ ಗಂಟೆ ಕುದಿಸುವುದರಿಂದ ಏನೂ ಹೆಚ್ಚು ಸಿಗದು, ಕರ್ಕ್ಯುಮಿನ್ ಸ್ವಲ್ಪ ನಾಶವಾಗುತ್ತದೆ ಅಷ್ಟೆ.

ಇನ್ನು ಮುಖ್ಯ ಹೆಜ್ಜೆ. ಪಾತ್ರೆಯನ್ನು ಮತ್ತೆ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. 100 ಗ್ರಾಂಗಿಂತ ಕಡಿಮೆ ಬಂದರೆ ಕಾಯಿಸಿ ಆರಿಸಿದ ನೀರು ಸೇರಿಸಿ ಸರಿಯಾಗಿ 100ಕ್ಕೆ ತನ್ನಿ, ಹೆಚ್ಚಿದ್ದರೆ ಇನ್ನೊಂದು ನಿಮಿಷ ಉರಿಯ ಮೇಲಿಡಿ. ಈಗ 5 ಗ್ರಾಂ ಮುದ್ದೆಯಲ್ಲಿ, ಅಂದರೆ ಮಟ್ಟವಾದ ಒಂದು ಟೀ ಚಮಚದಲ್ಲಿ 1 ಗ್ರಾಂ ಪುಡಿ ಇರುತ್ತದೆ. ನಿಮ್ಮ ನಾಯಿಯ ಪೂರ್ತಿ ಪ್ರಮಾಣ ಅದು. ಎರಡು ಹೊತ್ತಿನ ಊಟಕ್ಕೆ ಅರ್ಧರ್ಧ ಚಮಚ ಹಂಚಿ. 10 ಕೆಜಿಯ ನಾಯಿಗಾದರೆ ಇಡೀ ದಿನಕ್ಕೆ ಚಮಚದ ಸುಮಾರು ಮೂರನೇ ಒಂದು ಭಾಗ. ತೂಕ ಸರಿಮಾಡದೆ ಬಿಟ್ಟರೆ ನೀರು ಎಷ್ಟು ಆವಿಯಾಯಿತು ಎಂಬುದರ ಮೇಲೆ ಒಂದು ಸಲದ ಮುದ್ದೆ ತೆಳು, ಇನ್ನೊಂದು ಸಲದ್ದು ಗಟ್ಟಿ. ಚಮಚ ಅದೇ, ಅರಿಶಿನ ಮಾತ್ರ ಬೇರೆ ಬೇರೆ. ಹೋದ ಸಲ ಒಗ್ಗಿತ್ತು, ಈ ಸಲ ಭೇದಿಯಾಯಿತು ಎಂಬ ದೂರಿನ ಹಿಂದೆ ಇದೇ ಇರುವುದು ಅಪರೂಪವಲ್ಲ.

ಗಾಜಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಹತ್ತು ದಿನ ಇಟ್ಟುಕೊಳ್ಳಿ. 100 ಗ್ರಾಂ ನಿಮಗೆ ಇಪ್ಪತ್ತು ದಿನಕ್ಕೆ ಆಗುವುದರಿಂದ ಅರ್ಧವನ್ನು ಮೊದಲ ದಿನವೇ ಫ್ರೀಜರಿಗೆ ಹಾಕಿ. ಮಸಾಲೆ ಪುಡಿಗಳಲ್ಲಿ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ, ಅವು ಕುದಿಸಿದರೂ ಸಾಯುವುದಿಲ್ಲ. ಒದ್ದೆ ಮುದ್ದೆಯನ್ನು ಹೊರಗಿಟ್ಟರೆ ಅವು ಮೊಳೆಯುತ್ತವೆ. ಹುಳಿ ವಾಸನೆ ಅಥವಾ ಬೂಸು ಕಂಡರೆ ಮೇಲಿನದನ್ನು ಕೆರೆದು ಕೊಡುವುದಲ್ಲ, ಇಡೀ ಡಬ್ಬಿ ಚೆಲ್ಲಬೇಕು.

ಎಣ್ಣೆ ಯಾವುದೇ ಸಾದಾ ಅಡುಗೆ ಎಣ್ಣೆಯಾಗಬಹುದು, ಒಮ್ಮೆ ಕರಿದದ್ದು ಆಗದು. ಮೇಲಿನ ಅಳತೆಯಲ್ಲಿ ಒಂದು ಚಮಚ ಮುದ್ದೆಗೆ ಸುಮಾರು 10 ಕ್ಯಾಲೊರಿ ಬರುತ್ತದೆ, ಚಿಂತಿಸಬೇಕಿಲ್ಲ. ಹೀರಿಕೆಗೆ ಒಳ್ಳೆಯದೆಂದು ದಿನವೂ ಒಂದು ದೊಡ್ಡ ಚಮಚ ಎಣ್ಣೆ ಸುರಿಯುವವರಿದ್ದಾರೆ. ಅದು 120 ಕ್ಯಾಲೊರಿ, ನಿಮ್ಮ ನಾಯಿಯಂಥ ನಿಧಾನಗತಿಯ ನಾಯಿಯ ದಿನದ ಅಗತ್ಯದಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ. ಕೀಲು ಸವೆದ ನಾಯಿಯನ್ನು ಎಣ್ಣೆಯಿಂದ ದಪ್ಪ ಮಾಡಿ ಅರಿಶಿನದಿಂದ ನೋವು ಕಡಿಮೆ ಮಾಡಲು ಹೊರಟಂತಾಗುತ್ತದೆ. ಪ್ಯಾಂಕ್ರಿಯಾಸ್ ಊತ ಒಮ್ಮೆಯಾದರೂ ಬಂದಿದ್ದ ನಾಯಿಗೆ ಎಣ್ಣೆ ಸೇರಿಸಲೇಬೇಡಿ. ಊಟದಲ್ಲಿರುವ ಕೊಬ್ಬೇ ಸಾಕು.

ಹಸಿ ಅರಿಶಿನದ ಕೊಂಬು ಬಳಸುವುದಾದರೆ ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. 1 ಗ್ರಾಂ ಪುಡಿಗೆ ಸಮನಾಗಿ 4ರಿಂದ 5 ಗ್ರಾಂ ಹಸಿಯದು ಬೇಕು. ತುರಿದು ಹಾಕಿ, ತುಂಡು ತುಂಡಾಗಿ ಕೊಡಬೇಡಿ.

ಪುಡಿ ಕೊಳ್ಳುವಾಗ ಲೇಬಲ್‌ನಲ್ಲಿ ಅರಿಶಿನ ಒಂದೇ ಇರಲಿ. ಮಿಶ್ರ ಮಸಾಲೆ ಹಳದಿಯಾಗಿದ್ದರೂ ಅದರಲ್ಲಿ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಉಪ್ಪು, ಖಾರ ಇರಬಹುದು. ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಒಣಪುಡಿಯಲ್ಲಿ ಆ ವಿಷ ಇನ್ನೂ ಸಾಂದ್ರ. ರಕ್ತಹೀನತೆ ಅಂದೇ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಒಸಡು ಬಿಳಿಚಿಕೊಂಡಾಗ ಗೊತ್ತಾಗುತ್ತದೆ. ಇನ್ನು, ಬಣ್ಣ ಎದ್ದು ಕಾಣಲೆಂದು ಅರಿಶಿನಕ್ಕೆ ಲೆಡ್ ಕ್ರೋಮೇಟ್ ಸೇರಿಸುವ ಮೋಸ ಕೆಲವೆಡೆ ಪತ್ತೆಯಾಗಿದೆ. ಅದು ಸೀಸ. ದಿನವೂ ಕೊಡುವ ಪದಾರ್ಥಕ್ಕೆ ಈ ಎಚ್ಚರ ಬೇಕು. ಇಡೀ ಕೊಂಬು ತಂದು ಪುಡಿ ಮಾಡಿದರೂ ಪಾರಾದಂತಲ್ಲ, ಕೊಂಬಿಗೆ ಹೊಳಪು ಕೊಡುವಾಗಲೂ ಅದನ್ನು ಬಳಸಿದ್ದುಂಟು. ಒಂದೇ ಸಮ ಥಳಥಳ ಹೊಳೆಯುವ ಹಳದಿ ಕೊಂಬಿಗಿಂತ ಮಂಕಾಗಿ, ಮಣ್ಣುಬಣ್ಣಕ್ಕೆ ತಿರುಗಿದ್ದು ವಾಸಿ. ಲ್ಯಾಬ್ ಪರೀಕ್ಷೆಯ ವಿವರ ಇರುವ ಪ್ಯಾಕೆಟ್ ಸಿಕ್ಕರೆ ಇನ್ನೂ ವಾಸಿ.

ಕೊಡಲೇಬಾರದ ನಾಯಿಗಳು

ಅರಿಶಿನ ಪಿತ್ತಕೋಶವನ್ನು ಹಿಂಡುತ್ತದೆ. ಆರೋಗ್ಯವಾಗಿದ್ದರೆ ಅದರಿಂದ ತೊಂದರೆಯಿಲ್ಲ. ಪಿತ್ತಕೋಶದಲ್ಲಿ ಕಲ್ಲಿದ್ದರೆ, ಪಿತ್ತನಾಳ ಕಟ್ಟಿದ್ದರೆ, ಅಥವಾ ಒಳಗೆ ಲೋಳೆ ಗಟ್ಟಿಯಾಗಿ ತುಂಬಿಕೊಳ್ಳುವ ಕಾಯಿಲೆ ಇದ್ದರೆ ಈ ಹಿಂಡುವಿಕೆಯೇ ಅಪಾಯ. ಶೆಟ್ಲೆಂಡ್ ಶೀಪ್‌ಡಾಗ್ ತಳಿಯಲ್ಲಿ, ಮತ್ತು ಥೈರಾಯ್ಡ್ ಕಡಿಮೆಯಿರುವ ಅಥವಾ ಕುಶಿಂಗ್ಸ್ ಕಾಯಿಲೆಯ (ದೇಹದಲ್ಲಿ ಸ್ಟೀರಾಯ್ಡ್ ಹಾರ್ಮೋನು ಹೆಚ್ಚಾಗುವ ಕಾಯಿಲೆ) ನಾಯಿಗಳಲ್ಲಿ ಆ ಲೋಳೆ ಕಾಯಿಲೆ ಹೆಚ್ಚು. ಅವುಗಳಿಗೆ ಹೊಟ್ಟೆಯ ಸ್ಕ್ಯಾನ್ ಆಗುವವರೆಗೆ ಬೇಡ.

ಅರಿಶಿನದಲ್ಲಿ ಆಕ್ಸಲೇಟ್ ಎಂಬ, ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರದ ಕಲ್ಲಾಗಬಲ್ಲ ಅಂಶ ಇದೆ, ಅದರ ಬಹುಪಾಲು ಸುಲಭವಾಗಿ ಕರಗಿ ಮೂತ್ರಕ್ಕೆ ಬರುವಂಥದ್ದು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಒಮ್ಮೆ ಬಂದಿದ್ದರೆ ಕೊಡಬೇಡಿ. ಮಿನಿಯೇಚರ್ ಶ್ನೌಜರ್, ಬಿಷೋನ್ ಫ್ರೀಜೆ, ಲಾಸಾ ಆಪ್ಸೊ, ಶಿಟ್ಜು, ಯಾರ್ಕ್‌ಶೈರ್ ಟೆರಿಯರ್ ಸಾಕಿರುವವರು ಕಲ್ಲು ಬಂದಿರದಿದ್ದರೂ ಮೊದಲು ಮೂತ್ರ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕರ್ಕ್ಯುಮಿನ್ ಕಬ್ಬಿಣಾಂಶವನ್ನೂ ಕಟ್ಟಿಹಾಕುತ್ತದೆ, ಆದ್ದರಿಂದ ರಕ್ತಹೀನತೆಯ ನಾಯಿಗೂ ಸಲ್ಲದು. ಇನ್ಸುಲಿನ್ ಮೇಲಿರುವ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ನಾಯಿಗಳಿಗೆ ವೈದ್ಯರು ಹೂಂ ಎನ್ನದೆ ಒಂದು ಚಿಟಿಕೆಯೂ ಬೇಡ. ಗಬ್ಬದ ನಾಯಿ, ಹಾಲೂಡುವ ನಾಯಿ, ಮರಿಗಳು: ಯಾವುದಕ್ಕೂ ಬೇಡ.

ಕಾರ್ಪ್ರೊಫೆನ್ ಜೊತೆ

ಕರ್ಕ್ಯುಮಿನ್ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡದ್ದು. ದಿನಕ್ಕೆ 1 ಗ್ರಾಂ ಪುಡಿಯಿಂದಲೇ ರಕ್ತಸ್ರಾವವಾಗುತ್ತದೆ ಎಂದು ಹೆದರಿಸುವುದು ಅತಿಯಾಯಿತು. ನನಗೆ ಕಾಣುವ ಅಪಾಯ ಬೇರೆ. ಕಾರ್ಪ್ರೊಫೆನ್, ಮೆಲಾಕ್ಸಿಕ್ಯಾಮ್ ಮುಂತಾದ ನೋವಿನ ಔಷಧಿಗಳು ಹೊಟ್ಟೆಯ ಒಳಪದರಕ್ಕೆ ಹುಣ್ಣು ಮಾಡಬಲ್ಲವು. ಅದರ ಮೊದಲ ಸೂಚನೆ ವಾಂತಿ, ಊಟ ಬಿಡುವುದು, ಭೇದಿ. ಅರಿಶಿನ ಒಗ್ಗದಿದ್ದರೂ ಕಾಣುವುದು ಅವೇ ಮೂರು. ಆಗ ಮನೆಯವರು ಅರಿಶಿನ ಹೆಚ್ಚಾಯಿತೆಂದುಕೊಂಡು ಅದನ್ನು ನಿಲ್ಲಿಸಿ, ಮಾತ್ರೆ ಮುಂದುವರಿಸುತ್ತಾರೆ. ಹುಣ್ಣು ಒಳಗೇ ಬೆಳೆಯುತ್ತದೆ.

ಆದ್ದರಿಂದ ಪ್ರಮಾಣ ಏರಿಸುವ ಮೊದಲ ಮೂರು ವಾರ ಮಾತ್ರೆ ಬೇಕಾಗದ ಸಮಯವನ್ನೇ ಆರಿಸಿಕೊಳ್ಳಿ. ನಡುವೆ ಮಾತ್ರೆ ಕೊಡಬೇಕಾಗಿ ಬಂದರೆ ಕೊಡಿ, ನಾಯಿಯನ್ನು ನೋವಿನಲ್ಲಿ ಇಡಬೇಡಿ. ಆ ದಿನಗಳಲ್ಲಿ ಅರಿಶಿನ ನಿಲ್ಲಿಸಿ. ಮಾತ್ರೆ ಕೊಟ್ಟ ದಿನ ವಾಂತಿಯಾದರೆ ಮಾತ್ರೆಯದ್ದೇ ತಪ್ಪೆಂದು ತಿಳಿದು ಮುಂದಿನ ಡೋಸ್ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನ್, ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೇಲಿರುವ ನಾಯಿಗಳಿಗೆ ನಾನು ಅರಿಶಿನ ಸೂಚಿಸುವುದಿಲ್ಲ. ಶಸ್ತ್ರಚಿಕಿತ್ಸೆ, ಹಲ್ಲು ಕೀಳಿಸುವುದು ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಕೊಡುತ್ತಿದ್ದೆವು ಎಂದು ವೈದ್ಯರಿಗೂ ಹೇಳಿ. ಅಡುಗೆ ಸಾಮಾನು ತಾನೇ ಎಂದು ಹೇಳದೆ ಬಿಡುವವರೇ ಹೆಚ್ಚು.

ಬಣ್ಣದಿಂದ ಗಲಿಬಿಲಿಯಾಗುವುದುಂಟು. ಅರಿಶಿನ ತಿಂದ ನಾಯಿಯ ಮಲ ಹಳದಿಯಾಗಬಹುದು, ಬಾಯಿಯ ಸುತ್ತಲ ಕೂದಲು, ಹಲ್ಲಿನ ಅಂಚು, ನಾಲಿಗೆ ಹಳದಿಯಾಗಬಹುದು. ಕಣ್ಣಿನ ಬಿಳಿಭಾಗ ಮಾತ್ರ ಅರಿಶಿನದಿಂದ ಹಳದಿಯಾಗುವುದಿಲ್ಲ. ಅಲ್ಲಿ ಹಳದಿ ಕಂಡರೆ ಅದು ಕಾಮಾಲೆ, ಅಂದೇ ಆಸ್ಪತ್ರೆಗೆ ಹೊರಡಿ. ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ ಹೊಟ್ಟೆಯೊಳಗಿನ ರಕ್ತಸ್ರಾವದ ಗುರುತು. ಹೊಟ್ಟೆಯ ಚರ್ಮದಲ್ಲಿ ಅಥವಾ ಒಸಡಿನಲ್ಲಿ ಸಣ್ಣ ಕೆಂಪು ಚುಕ್ಕೆಗಳು ಎದ್ದಿದ್ದರೂ ಕಾಯಬೇಡಿ.

ಫಲ ಸಿಕ್ಕಿತೇ ಎಂದು ತಿಳಿಯುವುದು

ಕೀಲು ಸವೆದ ನಾಯಿಗಳಿಗೆ ಅರಿಶಿನದ ಸಾರ ಕೊಟ್ಟು ಎಂಟು ವಾರ ನೋಡಿದ ಒಂದು ಪರೀಕ್ಷೆ 2003ರಲ್ಲಿ ಪ್ರಕಟವಾಗಿದೆ. ಯಾವ ನಾಯಿಗೆ ಸಾರ, ಯಾವುದಕ್ಕೆ ಹುಸಿಮಾತ್ರೆ ಎಂಬುದು ನೋಡುವವರಿಗೆ ಗೊತ್ತಿರಲಿಲ್ಲ. ವೈದ್ಯರ ಒಟ್ಟಾರೆ ಅಭಿಪ್ರಾಯ ಸಾರದ ಪರವಾಗಿ ಬಂತು. ಕಾಲು ನೆಲಕ್ಕೆ ಊರುವ ಬಲವನ್ನು ಯಂತ್ರದಲ್ಲಿ ಅಳೆದಾಗ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೂ ಸಾರದ ಮಾತು, ಅಡುಗೆ ಪುಡಿ ಅದಕ್ಕಿಂತ ಎಷ್ಟೋ ಸೌಮ್ಯ. ಹಾಗಾಗಿ ಮಾತ್ರೆಯೇ ಬೇಡವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನಿಮ್ಮ ಕಣ್ಣನ್ನೂ ಪೂರ್ತಿ ನಂಬಬೇಡಿ. ದಿನವೂ ಕಷ್ಟಪಟ್ಟು ಮುದ್ದೆ ಮಾಡಿದವರಿಗೆ ನಾಯಿ ಚುರುಕಾದಂತೆ ಕಾಣುವುದು ಸಹಜ.

ಕೊಡಲು ಶುರುಮಾಡುವ ಮುಂಚಿನ ವಾರ ಮೂರು ದಿನ, ಬೆಳಿಗ್ಗೆ ನಾಯಿ ಏಳುವುದನ್ನೂ ಮೊದಲ ಇಪ್ಪತ್ತು ಹೆಜ್ಜೆಯನ್ನೂ ಫೋನಿನಲ್ಲಿ ವಿಡಿಯೊ ಮಾಡಿ. ಅದೇ ನೆಲ, ಅದೇ ಕೋನ. ತಿಂಗಳಲ್ಲಿ ಎಷ್ಟು ದಿನ ಮಾತ್ರೆ ಕೊಟ್ಟಿರಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪೂರ್ತಿ ಪ್ರಮಾಣಕ್ಕೆ ಬಂದು ಆರು ವಾರವಾದ ಮೇಲೆ ಮತ್ತೆ ವಿಡಿಯೊ ಮಾಡಿ, ಯಾವುದು ಮೊದಲಿನದು ಎಂದು ಹೇಳದೆ ಬೇರೆಯವರಿಗೆ ತೋರಿಸಿ. ಆಮೇಲೆ ಮೂರು ವಾರ ಅರಿಶಿನ ನಿಲ್ಲಿಸಿ ನೋಡಿ. ನಿಲ್ಲಿಸಿದಾಗ ಬಿಗಿತ ಮರಳಿದರೆ, ಕೊಟ್ಟಾಗ ಮತ್ತೆ ತಗ್ಗಿದರೆ, ನಿಮ್ಮ ನಾಯಿಗೆ ಅದು ಕೆಲಸಕ್ಕೆ ಬರುತ್ತಿದೆ. ಇಲ್ಲವಾದರೆ ಪುಡಿ ಅಡುಗೆಗೆ ಇರಲಿ. ಈ ಅವಧಿಯಲ್ಲಿ ಮೀನೆಣ್ಣೆ, ಹೊಸ ಆಹಾರ, ಹೊಸ ವ್ಯಾಯಾಮ ಯಾವುದನ್ನೂ ಜೊತೆಗೆ ಶುರುಮಾಡಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯದೆ ಹೋಗುತ್ತದೆ.

ನನ್ನನ್ನು ಕೇಳಿದರೆ ಅರಿಶಿನಕ್ಕೂ ಮೊದಲು ತೂಕ ಇಳಿಸಿ ನೋಡಿ. ದಪ್ಪಗಿರುವ, ಕೀಲು ಸವೆದ ನಾಯಿಗಳು ದೇಹತೂಕದ 6ರಿಂದ 9 ಶೇಕಡಾ ಇಳಿಸಿದಾಗ ಕುಂಟುವುದು ತಗ್ಗುತ್ತದೆ, ಅದು ಯಂತ್ರದ ಅಳತೆಯಲ್ಲೂ ಕಂಡಿದೆ. 34 ಕೆಜಿಯ ನಾಯಿಗೆ ಅದು 2ರಿಂದ 3 ಕೆಜಿ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗಾರ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಕೀಲಿನ ತೊಂದರೆಯೂ ತಡವಾಗಿ ಬಂತು. ನಿಮ್ಮ ನಾಯಿಯ ಪಕ್ಕೆಯ ಮೇಲೆ ಅಂಗೈ ಸವರಿ. ಒತ್ತದೆ ಎಲುಬು ಕೈಗೆ ಸಿಗದಿದ್ದರೆ ಊಟವನ್ನು ತೂಗಿ ಕೊಡಲು ಶುರುಮಾಡಿ, ವಾರಕ್ಕೆ ದೇಹತೂಕದ 1 ಶೇಕಡಾ ಇಳಿದರೆ ಸರಿಯಾದ ವೇಗ. ಮುದ್ದೆ ಅಳೆಯಲು ತಂದ ತಕ್ಕಡಿಯೇ ಇದಕ್ಕೂ ಆಗುತ್ತದೆ.

ಕಲೆಯ ಬಗ್ಗೆ ನೀವು ಕೇಳಿಲ್ಲ, ಒಂದು ವಾರದಲ್ಲಿ ಕೇಳುತ್ತೀರಿ. ಹಾಸಿಗೆಗೆ ಹತ್ತಿದ ಅರಿಶಿನ ಸೋಪು ಹಚ್ಚಿದಾಗ ಕೆಂಪಾದರೆ ಗಾಬರಿಯಾಗಬೇಡಿ, ಕ್ಷಾರ ತಗುಲಿದಾಗ ಕರ್ಕ್ಯುಮಿನ್‌ನ ಬಣ್ಣವೇ ಹಾಗೆ ತಿರುಗುತ್ತದೆ. ಒಗೆದು ಬಿಸಿಲಿಗೆ ಹಾಕಿ. ಬೆಳಕಿಗೆ ಅದು ತಡೆಯುವುದಿಲ್ಲ, ಒಂದೆರಡು ದಿನದಲ್ಲಿ ಮಾಸುತ್ತದೆ.